ಸ್ಪೀಡ್ ಅಷ್ಟೇ ಅಲ್ಲ, ಪಿಂಗ್ ಎಷ್ಟೆಂದೂ ಹೇಳಲಿ



ಬೀದರ್, ಭಾಲ್ಕಿ, ಔರಾದ್ ಕಡೆ ಮನೆ ಇಂಟರ್‌ನೆಟ್ ಮಾರುವವರ ಬಾಯಲ್ಲಿ ಬರುವುದು ಒಂದೇ ಲೆಕ್ಕ: 100 ಎಂಬಿಪಿಎಸ್, 300 ಎಂಬಿಪಿಎಸ್. ಮಗನ ಪ್ಲೇಸ್ಟೇಷನ್‌ಗೆಂದು ಕನೆಕ್ಷನ್ ಹಾಕಿಸುವ ಪಾಲಕರು ಅದನ್ನೇ ನಂಬುತ್ತಾರೆ. ಆಮೇಲೆ ಸಂಜೆಯಾದರೆ ಆಟ ತಡೆತಡೆದು ಓಡುತ್ತದೆ. ದೂರು ಕೊಟ್ಟರೆ, "ಇದಕ್ಕಿಂತ ದೊಡ್ಡ ಪ್ಲಾನ್ ಹಾಕಿಸ್ರಿ" ಎಂಬ ಉತ್ತರ ಸಿಗುತ್ತದೆ. ಇದು ಗ್ರಾಹಕರ ದಾರಿ ತಪ್ಪಿಸುವ ಮಾತು.

100 ಜಿಬಿಯ ಆಟವನ್ನು ಇಳಿಸಿಕೊಳ್ಳಲು ಸ್ಪೀಡ್ ಬೇಕು, ನಿಜ. ಆದರೆ ಆನ್‌ಲೈನ್ ಆಟ ಆಡುವಾಗ ಬಹುತೇಕ ಆಟಗಳಿಗೆ 1 ಎಂಬಿಪಿಎಸ್ ಕೂಡ ಪೂರ್ತಿ ಬೇಕಾಗುವುದಿಲ್ಲ. ಆಗ ಲೆಕ್ಕಕ್ಕೆ ಬರುವುದು ಪಿಂಗ್, ಅಂದರೆ ಒತ್ತಿದ ಬಟನ್ನಿನ ಸುದ್ದಿ ಸರ್ವರ್‌ಗೆ ಹೋಗಿ ಮರಳಲು ಹಿಡಿಯುವ ಮಿಲಿಸೆಕೆಂಡ್‌ಗಳು. ಅದು ಏರಿಳಿಯಬಾರದು, ದಾರಿಯಲ್ಲಿ ಡೇಟಾ ಕಳೆದುಹೋಗಬಾರದು. ನಮ್ಮ ಊರು ದೂರ ಎಂಬ ನೆಪ ಇಲ್ಲಿ ನಡೆಯದು. ಫೈಬರ್‌ನಲ್ಲಿ ಬೆಳಕು 1,000 ಕಿ.ಮೀ. ಸಾಗಲು 5 ಮಿಲಿಸೆಕೆಂಡ್ ಸಾಕು. ನಮ್ಮ ಡಾಬಕಾದಿಂದ ಬೆಂಗಳೂರು ಸುತ್ತಿ ಮುಂಬೈ ಸರ್ವರ್ ಮುಟ್ಟಿದರೂ ದಾರಿ ಸುಮಾರು 1,700 ಕಿ.ಮೀ., ಹೋಗಿ ಬರಲು 17 ಮಿಲಿಸೆಕೆಂಡ್. ನಡುವಿನ ಯಂತ್ರಗಳ ಪಾಲು ಸೇರಿಸಿದರೂ ಪಿಂಗ್ 150 ಮಿಲಿಸೆಕೆಂಡ್ ಆಗಲು ಕಾರಣವಿಲ್ಲ. ಆಗುತ್ತಿದ್ದರೆ ಒಂದೇ ಲೈನಿಗೆ ಮಿತಿಮೀರಿ ಮನೆಗಳನ್ನು ಸೇರಿಸಿರಬೇಕು, ಇಲ್ಲವೇ ಟವರ್ ಮೇಲೆ ಹೊರೆ ಬಿದ್ದಿರಬೇಕು, ಅಥವಾ ಮನೆಯೊಳಗಿನ ವೈಫೈ ಗೋಡೆ ದಾಟಲು ಹೆಣಗುತ್ತಿರಬೇಕು. ಕನ್ಸೋಲ್‌ಗೆ ನೇರ ಕೇಬಲ್ ಎಳೆದ 40 ಎಂಬಿಪಿಎಸ್ ಫೈಬರ್, ಗಾಳಿಯಲ್ಲಿ ಬರುವ 300ಕ್ಕಿಂತ ಆಟಕ್ಕೆ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್) 2006ರ ನಿಯಮಗಳಲ್ಲೇ ಈ ವಿಳಂಬಕ್ಕೆ ಮಿತಿ ಹಾಕಿತ್ತು. 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಹೊಸ ನಿಯಮಗಳಲ್ಲಿ ತಂತಿ ಬ್ರಾಡ್‌ಬ್ಯಾಂಡ್‌ಗೆ 50 ಮಿಲಿಸೆಕೆಂಡ್ ಮಿತಿ ಇದೆ. ಆದರೆ ಇಡೀ ಕರ್ನಾಟಕಕ್ಕೆ ಒಂದೇ ಸರಾಸರಿ ತೋರಿಸಿದರೆ ಬೆಂಗಳೂರಿನ ಅಂಕಿಗಳಡಿ ಔರಾದ್ ಕಾಣುವುದೇ ಇಲ್ಲ. ಕಂಪನಿಗಳು ತಾಲ್ಲೂಕುವಾರು ಸಂಜೆ 7ರಿಂದ 11ರವರೆಗಿನ ಪಿಂಗ್, ಡೇಟಾ ನಷ್ಟ, ಅಪ್‌ಲೋಡ್ ವೇಗವನ್ನು ಪ್ಲಾನಿನ ಚೀಟಿಯಲ್ಲೇ ಅಚ್ಚು ಹಾಕಬೇಕು. ಒಂದೇ ಐಪಿ ವಿಳಾಸವನ್ನು ಹಲವು ಮನೆಗಳಿಗೆ ಹಂಚುತ್ತಾರೋ ಇಲ್ಲವೋ ಎಂಬುದನ್ನೂ ಹೇಳಬೇಕು. ಹಾಗೆ ಹಂಚಿದ ಕಡೆ ಕನ್ಸೋಲ್ ಹಲವು ಸಲ 'ನ್ಯಾಟ್ ಟೈಪ್ 3', ಅಂದರೆ ಹೊರಗಿನ ಸಂಪರ್ಕಕ್ಕೆ ತಡೆ ಇದೆ ಎಂದು ತೋರಿಸುತ್ತದೆ, ಗೆಳೆಯರ ಜೊತೆ ಸೇರಿ ಆಡುವುದೇ ಕಷ್ಟವಾಗುತ್ತದೆ.

ಹುಡುಗರ ಆಟಕ್ಕೆ ಇಷ್ಟೆಲ್ಲ ಯಾಕೆ ಎನ್ನುವ ಹಿರಿಯರಿದ್ದಾರೆ. ಆದರೆ ಕೇಂದ್ರ ಸರ್ಕಾರವೇ 2022ರ ಡಿಸೆಂಬರ್‌ನಲ್ಲಿ ಇ-ಸ್ಪೋರ್ಟ್ಸ್ ಅನ್ನು ಕ್ರೀಡಾ ಸಚಿವಾಲಯದ ಕೆಳಗೆ ತಂದಿದೆ, 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಅದಕ್ಕೆ ಪದಕಗಳಿದ್ದವು. ವಿಡಿಯೋದಲ್ಲಿ ವೈದ್ಯರ ಜೊತೆ ಮಾತಾಡಲು, ಆನ್‌ಲೈನ್ ಸಂದರ್ಶನ ಕೊಡಲು ಬೇಕಾದದ್ದೂ ಇದೇ ಅಲುಗದ ಲೈನು.

ಆರು ತಿಂಗಳ ಹಣ ಮುಂಗಡ ಕೇಳುವವರು ಮೊದಲು ಒಂದು ವಾರ ಸಂಜೆ ಹೊತ್ತು ಪರೀಕ್ಷಿಸಿ ನೋಡಲು ಬಿಡಲಿ. ಪಿಂಗ್ ಮಿತಿ ದಾಟಿದರೆ ಪೂರ್ತಿ ಹಣ ಮರಳಿಸಬೇಕೆಂದು ಟ್ರಾಯ್ ಆದೇಶ ಹೊರಡಿಸಲಿ.

— ಒಬ್ಬ ಪಾಲಕ, ಡಾಬಕಾ, ಬೀದರ್ ಜಿಲ್ಲೆ