ರಜೆಚೀಟಿಯಲ್ಲಿ ‘ಜ್ವರ’

“ನಿಮಗೇ ಖಿನ್ನತೆಯಂತೆ, ಬೇರೆಯವರಿಗೇನು ಹೇಳ್ತೀರಿ ಮೇಡಂ?” ಹೀಗೆ ಕೇಳಿದ್ದು ನನ್ನ ರೋಗಿಯಲ್ಲ, ಸಹೋದ್ಯೋಗಿ. ಸಕ್ಕರೆ ಕಾಯಿಲೆ ಇರುವ ಡಾಕ್ಟರನ್ನು ಯಾರೂ ಹೀಗೆ ಕೇಳುವುದಿಲ್ಲ. ಮನಶ್ಶಾಸ್ತ್ರಜ್ಞೆ ಕೇ ರೆಡ್‌ಫೀಲ್ಡ್ ಜೇಮಿಸನ್ ತಮ್ಮದೇ ಬೈಪೋಲಾರ್ ಕಾಯಿಲೆಯ ಬಗ್ಗೆ 1995ರಲ್ಲಿ ‘ಆ್ಯನ್ ಅನ್‌ಕ್ವಯಟ್ ಮೈಂಡ್’ ಬರೆದರು. ಲಿಥಿಯಂ ಮಾತ್ರೆ ಬೇಡವೆಂದು ಹಟ ಹಿಡಿದದ್ದು, ಸಾವಿನ ಬಾಗಿಲು ತಟ್ಟಿ ಬಂದದ್ದು ಎಲ್ಲ ಅದರಲ್ಲಿದೆ. ಪುಸ್ತಕದಲ್ಲಾದರೆ ಮೆಚ್ಚುತ್ತೇವೆ, ಪಕ್ಕದ ಕೋಣೆಯವಳು ಅದನ್ನೇ ಹೇಳಿದರೆ ಅವಳ ಕುರ್ಚಿಗೇ ಕೈ ಹಾಕುತ್ತೇವೆ.

ಹಾಗಂತ ನನ್ನ ನೋವೇ ನನ್ನ ಅರ್ಹತೆ ಎನ್ನುವ ಭಾವುಕತೆಯೂ ನನಗೆ ಬೇಡ. ಮೂರು ರಾತ್ರಿ ನಿದ್ದೆಯಿಲ್ಲದಿದ್ದರೆ ನಾನು ಯಾರ ಮಾತನ್ನೂ ಸರಿಯಾಗಿ ಕೇಳಿಸಿಕೊಳ್ಳಲಾರೆ. ಹೋದ ತಿಂಗಳು ಅಂಥ ದಿನ ರಜೆ ಹಾಕಿದೆ. ಕಾರಣ ‘ಜ್ವರ’ ಎಂದು ಬರೆದೆ. ಆ ಸುಳ್ಳನ್ನೂ ಬರೆಯಲು ಹೆದರುವವಳು ಅಂದು ರೋಗಿಯ ಎದುರು ಕೂತಿರುತ್ತಾಳೆ.