ಬೊಂಬೆಯ ದಂಡೂ ದಂಡಿನ ಎತ್ತೂ

ನಮ್ಮ ಸೀಮೆಯಲ್ಲಿ ದಸರೆಯು ಬಂದಿತೆಂದರೆ ಅನೇಕ ಮನೆಗಳ ಹಜಾರದಲ್ಲಿ ಬೊಂಬೆಗಳು ಮೆಟ್ಟಿಲೇರುತ್ತವೆ. ಮೇಲೆ ಪಟ್ಟದ ಬೊಂಬೆಗಳು, ಕೆಳಗೆ ಕೃಷ್ಣನ ಪಕ್ಕದಲ್ಲಿ ಶೆಟ್ಟರ ಅಂಗಡಿ, ಅದರ ಮುಂದೆ ಕೆಂಪಂಗಿಯ ಸಿಪಾಯಿಗಳ ಸಾಲು, ಬ್ಯಾಂಡಿನವರು, ಅಂಬಾರಿ ಹೊತ್ತ ಆನೆ. ನಮ್ಮ ಶಾಲೆಯ ಬಾಲಿಕೆಯರು, ಯಾವ ಮತದವರೇ ಆಗಲಿ, ನೆರೆಮನೆಗೆ ಹೋಗಿ ಇವನ್ನೆಲ್ಲ ನೋಡಿ, ಬೊಂಬೆಬಾಗಿನವನ್ನು ತಿಂದು ಬಂದವರೇ. ಕೃಷ್ಣನ ಪಕ್ಕದಲ್ಲಿ ಬಂದೂಕಿನವನು ಹೇಗೆ ಬಂದನೆಂದು ಅಲ್ಲಿ ಯಾರೂ ಕೇಳುವುದಿಲ್ಲ, ಕೇಳಲೂಬಾರದು. ಅದು ಹಬ್ಬದ ಸಂತೋಷ. ಆದರೆ ಅದೇ ಸಿಪಾಯಿಯನ್ನು ಶಾಲೆಯ ಮೇಜಿನ ಮೇಲೆ ನಿಲ್ಲಿಸಿ, ಮುಂದೆ ಒಂದು ಚೀಟಿಯಲ್ಲಿ ಇಸವಿಯನ್ನೂ ಊರಿನ ಹೆಸರನ್ನೂ ಬರೆದಿಟ್ಟರೆ, ಅವನು ಚರಿತ್ರೆಗೆ ಸಾಕ್ಷಿ ಹೇಳಲು ನಿಂತಂತಾಯಿತು. ಅಂಥ ಸಾಕ್ಷಿಯನ್ನು ಹೇಗೆ ಪರೀಕ್ಷಿಸತಕ್ಕದ್ದು ಎಂಬ ವಿಷಯದಲ್ಲಿ ನಾವು ತಪ್ಪು ಮಾಡಿ ಕಲಿತ ಒಂದು ಪಾಠವನ್ನು ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕ ಮಹಾಶಯರಿಗೂ ಅರಿಕೆ ಮಾಡಿಕೊಳ್ಳುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ವಸ್ತುಪ್ರದರ್ಶನಕ್ಕಾಗಿ ಬಾಲಿಕೆಯರು ಎರಡು ಗುಂಪಾಗಿ, 1799ನೆಯ ಇಸವಿ ಮೇ 4ರಂದು ನಡೆದ ಶ್ರೀರಂಗಪಟ್ಟಣದ ಕೋಟೆಯ ಮುತ್ತಿಗೆಯನ್ನು ಬೊಂಬೆಗಳಲ್ಲಿ ರಚಿಸಿದರು. ಎರಡಂಗುಲದ ಮಣ್ಣಿನ ಸಿಪಾಯಿಗಳು, ಅವರ ಕೈಯಲ್ಲಿ ತೆಂಗಿನ ಗರಿಕಡ್ಡಿಯ ಈಟಿಗಳು, ಕರಟದ ನಗಾರಿಗಳು, ತೆಂಗಿನ ನಾರಿನ ಪೊದೆಗಳು. ಅಂಗಡಿಯಿಂದ ಕೊಂಡು ತಂದ ವಸ್ತುವೆಂದರೆ ಬಣ್ಣವೊಂದೇ. ತೀರ್ಪುಗಾರರು ನಾವೇ. ಒಂದು ಗುಂಪು ಟಿಪ್ಪುವಿನ ಸಿಪಾಯಿಗಳಿಗೆ ಖಾಕಿ ತೊಡಿಸಿತ್ತು. ಖಾಕಿಯು ಹಿಂದೂದೇಶದ ಸೈನ್ಯಕ್ಕೆ ಬಂದದ್ದು 19ನೆಯ ಶತಮಾನದ ನಡುವಿನಲ್ಲಿ. ಟಿಪ್ಪುವಿನ ಕಾಲಾಳುಗಳ ಅಂಗಿಯ ಮೇಲೆ ಹುಲಿಯ ಪಟ್ಟೆಯ ಗುರುತುಗಳಿದ್ದವು. ಅದೇ ಗುಂಪು ಕಾವೇರಿಯನ್ನು ದಡತುಂಬ ಹರಿಯಿಸಿತ್ತು. ಮುತ್ತಿಗೆ ಹಾಕಿದವರು ಆತುರಪಟ್ಟದ್ದೇ ಮುಂಗಾರು ಹಿಡಿದು ಹೊಳೆಯು ಏರುವುದಕ್ಕೆ ಮುಂಚೆ ಕೋಟೆ ಹಿಡಿಯಬೇಕೆಂದು. ಅಂದು ಸಿಪಾಯಿಗಳು ಬಂಡೆಗಳ ನಡುವೆ ನೀರಿನಲ್ಲಿ ನಡೆದೇ ದಾಟಿದರು. ಈ ದೋಷಗಳನ್ನು ನಾವು ಎಲ್ಲರೆದುರಿಗೆ ಎತ್ತಿ ಆಡಿ, ಅಂಗಿಯ ಗುಂಡಿಗಳನ್ನು ಸಹ ತಪ್ಪದೆ ಬರೆದಿದ್ದ ಇನ್ನೊಂದು ಗುಂಪಿಗೆ ಬಹುಮಾನವನ್ನು ಕೊಟ್ಟೆವು.

ಸಭೆಯು ಮುಗಿದ ಮೇಲೆ ಚಿಕ್ಕನಾಯಕನಹಳ್ಳಿಯ ಕಡೆಯಿಂದ ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಒಬ್ಬ ವೃದ್ಧರು ಬಹುಮಾನದ ಮೇಜಿನ ಬಳಿ ಬಹಳ ಹೊತ್ತು ನಿಂತಿದ್ದು, ಕೊನೆಗೆ ನಮ್ಮನ್ನು ಕೇಳಿದರು: “ಅಮ್ಮಾವ್ರೇ, ಇಷ್ಟು ದಪ್ಪ ಫಿರಂಗೀನ ಇಲ್ಲಿಗಂಟ ಎಳ್ಕಂಡು ಬಂದೋರು ಯಾರು? ಒಂದು ಎತ್ತೂ ಕಾಣಾಕಿಲ್ವಲ್ಲ!”

ನಮಗೆ ಉತ್ತರವು ತೋಚಲಿಲ್ಲ. ಏಕೆಂದರೆ ಖಾಕಿಯ ಗುಂಪಿನಲ್ಲಿದ್ದ ಆತನ ಮೊಮ್ಮಗಳೇ ಮನೆಯಿಂದ ಎರಡು ಮಣ್ಣಿನ ಎತ್ತುಗಳನ್ನು ತಂದು ಫಿರಂಗಿಯ ಹಿಂದೆ ಇಟ್ಟಿದ್ದಳು. ಯುದ್ಧದಲ್ಲಿ ಸಂಕ್ರಾಂತಿಯ ಎತ್ತುಗಳಿಗೇನು ಕೆಲಸವೆಂದು ಗದರಿಸಿ, ನಾವೇ ಅವನ್ನು ತೆಗೆಯಿಸಿದ್ದೆವು. ಆ ಬಾಲಿಕೆಯು ಮರುಮಾತಾಡದೆ ಅವನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು.

ಆಮೇಲೆ ಪುಸ್ತಕಗಳನ್ನು ತೆರೆದು ನೋಡಿದಾಗ ನಮ್ಮ ಲಜ್ಜೆಯು ಇಮ್ಮಡಿಯಾಯಿತು. 1791ನೆಯ ಇಸವಿ ಮೇ ತಿಂಗಳಿನಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಅರಕೆರೆಯ ಬಳಿ ಕಾಳಗದಲ್ಲಿ ಗೆದ್ದೂ, ಶ್ರೀರಂಗಪಟ್ಟಣವು ಕಣ್ಣಿಗೆ ಕಾಣುತ್ತಿರುವಾಗಲೇ ಹಿಂದಿರುಗಬೇಕಾಯಿತು. ಎತ್ತುಗಳು ಮೇವಿಲ್ಲದೆ ರಾಶಿರಾಶಿಯಾಗಿ ಸತ್ತುದರಿಂದ ಎಳೆಯುವವರಿಲ್ಲದೆ, ತನ್ನ ದೊಡ್ಡ ಫಿರಂಗಿಗಳನ್ನು ತಾನೇ ಒಡೆಯಿಸಿ ಹೋದನು. 1799ರಲ್ಲಿ ಜನರಲ್ ಹ್ಯಾರಿಸನ ಸೈನ್ಯವು ಆಮೆಯ ನಡೆಯಲ್ಲಿ ಬಂದುದಕ್ಕೂ ಎತ್ತುಗಳ ಸಾವೇ ಒಂದು ಕಾರಣ. ದಂಡಿಗೆ ಧಾನ್ಯವನ್ನು ಒದಗಿಸಿದವರು ಎತ್ತುಗಳ ಬೆನ್ನ ಮೇಲೆ ಗೋಣಿಗಳನ್ನು ಹೇರಿಕೊಂಡು, ಹೆಂಡಿರುಮಕ್ಕಳೊಡನೆ ನಡೆದ ಲಂಬಾಣಿಗರು. ಮೈಸೂರಿನವರಾದರೋ ಈ ಸಂಗತಿಯನ್ನು ಮೊದಲೇ ಅರಿತಿದ್ದರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆಚಾವಡಿಯ ದನಗಳನ್ನೇ ಹೈದರನೂ ಟಿಪ್ಪುವೂ ಬೆಳೆಸಿ, ತೋಪು ಎಳೆಯಲು ಪಳಗಿಸಿದರು. ಟಿಪ್ಪುವು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟನು. ಆ ದನಗಳು ಮೇದ ಹುಲ್ಲುಗಾವಲುಗಳಲ್ಲಿ ಕೆಲವು ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿಯ ಸೀಮೆಯಲ್ಲಿಯೇ ಇವೆ. ಅಮೃತಮಹಲ್ ಕಾವಲೆಂಬ ಹೆಸರು ಇಂದಿಗೂ ನಮ್ಮ ಜನರ ಬಾಯಲ್ಲಿದೆ. ಆ ಯುದ್ಧದಲ್ಲಿ ನಮ್ಮ ನಾಡಿನ ಪಾಲೇನೆಂದು ಒಬ್ಬ ಬಾಲಿಕೆಯು ತಿಳಿಯದೆಯೇ ತಿಳಿಸಿದ್ದಳು. ತರಬೇತು ಪಡೆದ ನಾವು ಅದನ್ನು ಮೇಜಿನಿಂದ ಇಳಿಸಿದೆವು.

ಇಂಥ ತಪ್ಪನ್ನು ನಮಗಿಂತ ದೊಡ್ಡವರೂ ಮಾಡಿದ್ದಾರೆ. ಶ್ರೀರಂಗಪಟ್ಟಣವು ಬಿದ್ದ ಮರುವರ್ಷವೇ, ಅಂದರೆ 1800ರಲ್ಲಿ, ರಾಬರ್ಟ್ ಕೆರ್ ಪೋರ್ಟರನೆಂಬ ತರುಣ ಚಿತ್ರಗಾರನು ಆ ಮುತ್ತಿಗೆಯನ್ನು ಸುಮಾರು 120 ಅಡಿ ಉದ್ದದ ಬಟ್ಟೆಯಲ್ಲಿ ಬರೆದು ಲಂಡನ್ನಿನಲ್ಲಿ ಪ್ರದರ್ಶಿಸಿದನು. ಜನರು ಮುಗಿಬಿದ್ದು ನೋಡಿದರು. ಅವನು ಶ್ರೀರಂಗಪಟ್ಟಣವನ್ನು ನೋಡಿದವನೇ ಅಲ್ಲ. ಇತ್ತ ದರಿಯಾ ದೌಲತ್ತಿನ ಗೋಡೆಯ ಮೇಲೆ 1780ರ ಪೊಲ್ಲಿಲೂರಿನ ಕಾಳಗವನ್ನು ಬರೆಯಿಸಿದ ಟಿಪ್ಪುವು ತನ್ನ ಗೆಲುವನ್ನೇ ಬರೆಯಿಸಿದನು. ಗೆದ್ದವನು ತನ್ನ ಗೋಡೆಯ ಮೇಲೆ ತನ್ನ ಸೋಲನ್ನು ಬರೆಯಿಸುವನೇ?

ಆ ದರಿಯಾ ದೌಲತ್ತಿನಲ್ಲಿಯೇ ಕೋಟೆಯ ಪತನಾನಂತರ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿಯು ಮುಂದೆ ವೆಲ್ಲಿಂಗ್ಟನ್ ಪ್ರಭುವಾಗಿ, 1815ರಲ್ಲಿ ವಾಟರ್‌ಲೂವಿನಲ್ಲಿ ಜಯಶಾಲಿಯಾದನು. ಆ ಯುದ್ಧದ ಪ್ರತಿಕೃತಿಯನ್ನು ವಿಲಿಯಂ ಸೈಬೋರ್ನನೆಂಬ ಸೇನಾಧಿಕಾರಿಯು 1838ರಲ್ಲಿ ಜನರ ಮುಂದಿಟ್ಟನು. ಅವನು ರಣಭೂಮಿಯಲ್ಲಿಯೇ ತಿಂಗಳುಗಟ್ಟಲೆ ನಿಂತು ನೆಲವನ್ನು ಅಳೆದು, ಕಾದಾಡಿದ ಅಧಿಕಾರಿಗಳಿಗೆ ಕಾಗದ ಬರೆದು ಕೇಳಿ, ಎಪ್ಪತ್ತು ಸಾವಿರಕ್ಕೂ ಮಿಕ್ಕ ಪುಟ್ಟ ಲೋಹದ ಸಿಪಾಯಿಗಳನ್ನು ನಿಲ್ಲಿಸಿದವನು. ಆದರೂ ನೆರವಿಗೆ ಬಂದ ಪ್ರಷ್ಯದವರಿಗೆ ಅದರಲ್ಲಿ ಹೆಚ್ಚು ಸ್ಥಳ ದೊರೆಯಿತೆಂದು ವಿವಾದವೆದ್ದು, ಕೊನೆಗೆ ಅವರ ಬೊಂಬೆಗಳಲ್ಲಿ ಬಹುಪಾಲನ್ನು ಅವನು ತೆಗೆದುಬಿಟ್ಟನು. ಅಲ್ಲಿ ತೆಗೆದುದು ಪ್ರಷ್ಯದವರನ್ನು. ಇಲ್ಲಿ ನಾವು ತೆಗೆಯಿಸಿದ್ದು ಎರಡು ಎತ್ತುಗಳನ್ನು. ಎರಡರಿಂದಲೂ ಚರಿತ್ರೆಗಾದ ನಷ್ಟವು ಒಂದೇ ಬಗೆಯದು.

ಹಾಗಾದರೆ ಅಂಗಿಯ ಬಣ್ಣವನ್ನೂ ಗುಂಡಿಯನ್ನೂ ನೋಡಬಾರದೆ? ಅವಶ್ಯವಾಗಿ ನೋಡಬೇಕು. 2018ರಲ್ಲಿ ಹೊಸನಗರ ತಾಲ್ಲೂಕಿನ ನಗರದ ಹಾಳುಬಾವಿಯಲ್ಲಿ ಆ ಕಾಲದ ಕಬ್ಬಿಣದ ಬಾಣಗಳು ಸಾವಿರಕ್ಕೂ ಹೆಚ್ಚಾಗಿ ದೊರೆತಿರುವಾಗ, ಬೆಂಕಿಬಾಣವನ್ನು ದೀಪಾವಳಿಯ ಪಟಾಕಿಯಂತೆ ಕಾಗದದಲ್ಲಿ ಸುತ್ತಿ ತೋರಿಸುವುದು ಸೋಮಾರಿತನ. ಆದರೆ ಗುಂಡಿಯಲ್ಲಿ ತಪ್ಪಿದರೆ ಒಂದು ಅಂಗಿಯಷ್ಟೇ ಕೆಡುತ್ತದೆ. ದುಡಿದವರನ್ನು ಬಿಟ್ಟರೆ ಇಡೀ ಕಥೆಯೇ ಕೆಡುತ್ತದೆ. ನಾವು ದೋಷಗಳನ್ನು ಎಣಿಸಿದೆವೇ ಹೊರತು ತೂಗಲಿಲ್ಲ.

ಆದುದರಿಂದ ಈಗ ನಮ್ಮ ಶಾಲೆಯಲ್ಲಿ ಮೂರು ನಿಯಮಗಳನ್ನು ಇಟ್ಟುಕೊಂಡಿದ್ದೇವೆ. ಮೊದಲನೆಯದು, ಒಂದು ಮೇಜಿನ ಮೇಲೆ ಎಲ್ಲರಿಗೂ ಒಂದೇ ಅಳತೆ. ಟಿಪ್ಪುವಿನ ವಿಷಯದಲ್ಲಿ ನಮ್ಮ ಪೋಷಕರಲ್ಲಿಯೇ ಭಿನ್ನಾಭಿಪ್ರಾಯಗಳಿವೆ; ಅವನನ್ನು ಉಳಿದವರಿಗಿಂತ ಎತ್ತರವಾಗಿ ಮಾಡಕೂಡದು, ಗಿಡ್ಡಾಗಿಯೂ ಮಾಡಕೂಡದು. ಎರಡನೆಯದು, ಆಧಾರವಿರುವುದನ್ನೂ ಊಹಿಸಿದ್ದನ್ನೂ ಬೇರೆ ಬೇರೆ ಚೀಟಿಗಳಲ್ಲಿ ಬರೆಯತಕ್ಕದ್ದು. ಮೂರನೆಯದು, ಇಲ್ಲಿ ಯಾರು ಬಿಟ್ಟುಹೋಗಿದ್ದಾರೆಂದು ಕೇಳದೆ ತೀರ್ಪು ಕೊಡಕೂಡದು.

ಪೋಷಕರಲ್ಲಿ ಎರಡು ಮಾತು. ಮನೆಯಲ್ಲಿ ಅಜ್ಜಿಯ ಕಾಲದ ಸಿಪಾಯಿ ಬೊಂಬೆಗಳಿದ್ದರೆ ಅವಕ್ಕೆ ಹೊಸ ಬಣ್ಣ ಬಳಿಯಬೇಡಿರಿ. ಮಾಸಿದ ಬಣ್ಣವೂ ಒಂದು ಆಧಾರವೇ. ಹಳೆಯ ವಿಲಾಯಿತಿ ಬೊಂಬೆಗಳು ಸೀಸದವು. ಅವನ್ನು ಎಳೆಯ ಮಕ್ಕಳ ಬಾಯಿಗೆ ಸಿಕ್ಕದಂತೆ ಇಡಿರಿ.

ಆ ಪ್ರದರ್ಶನದ ಮರುದಿನ ಪ್ರಾರ್ಥನೆಯಾದ ಮೇಲೆ ನಾವು ಆ ಬಾಲಿಕೆಯನ್ನು ಎಲ್ಲರ ಮುಂದೆ ಕರೆದು, ನಮ್ಮ ತೀರ್ಪು ತಪ್ಪೆಂದು ಒಪ್ಪಿಕೊಂಡೆವು. ಬಹುಮಾನವನ್ನು ಒಬ್ಬರಿಂದ ಕಿತ್ತು ಇನ್ನೊಬ್ಬರಿಗೆ ಕೊಡುವುದು ಸರಿಯೆಂದು ತೋರಲಿಲ್ಲ. ಆ ಎತ್ತುಗಳನ್ನು ಶಾಲೆಗೆ ಕೊಡುವೆಯಾ ಎಂದು ಕೇಳಿದೆವು. ಅವಳು ಸ್ವಲ್ಪ ಯೋಚಿಸಿ, “ಸಂಕ್ರಾಂತಿಗೆ ಮನೆಗೆ ಬೇಕು, ಆಮೇಲೆ ತಂದುಕೊಡುತ್ತೇನೆ” ಎಂದಳು. ಹಾಗೆಯೇ ತಂದುಕೊಟ್ಟಳು. ಒಂದರ ಕೊಂಬು ಮುರಿದಿದೆ. ಶಾಲೆಗೆ ಬರುವ ಹಳೆಯ ವಿದ್ಯಾರ್ಥಿನಿಯರು ಅವನ್ನು ನಮ್ಮ ಕೊಠಡಿಯ ಗಾಜಿನ ಬೀರುವಿನಲ್ಲಿ ಫಿರಂಗಿಯ ಮುಂದೆ, ನೊಗ ಹೂಡಿ ನಿಂತಿರುವುದನ್ನು ಕಾಣಬಹುದು.