ಮಣ್ಣು ಮುಚ್ಚಿ ಮಹಡಿಗೆ ಮಣ್ಣು ಹೊರುವ ನಗರ

ಬೆಂಗಳೂರಿನ ಮೂವತ್ತು–ನಲವತ್ತರ ನಿವೇಶನದಲ್ಲಿ ಮನೆ ಎದ್ದು, ಗೃಹಪ್ರವೇಶ ಹತ್ತಿರವಾದಾಗ ತಪ್ಪದೆ ನಡೆಯುವ ಕೆಲಸವೊಂದಿದೆ. ಕಾಂಪೌಂಡಿನೊಳಗೆ ಉಳಿದ ಮೂರಡಿ ಮಣ್ಣಿಗೂ ಕಾಂಕ್ರೀಟ್ ಸುರಿದು ಮೇಲೆ ಗ್ರಾನೈಟ್ ಇಲ್ಲವೇ ಪಾರ್ಕಿಂಗ್ ಟೈಲ್ಸ್ ಹಾಸಿಬಿಡುತ್ತಾರೆ. ಕೆಸರಾಗಬಾರದು, ಗುಡಿಸಲು ಸುಲಭವಾಗಬೇಕು, ಕಾರು ನಿಲ್ಲಬೇಕು. ಅದೇ ಮನೆಯವರು ಕೆಲವು ತಿಂಗಳಾದ ಮೇಲೆ ನರ್ಸರಿಗೆ ಹೋಗಿ, ಕೆಂಪು ಮಣ್ಣನ್ನು ಚೀಲದ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದು, ಮೂರು ಮಹಡಿ ಹತ್ತಿಸಿ ತಾರಸಿಯಲ್ಲಿ ತುಂಬುತ್ತಾರೆ. ಹಸಿರಿನ ಮೇಲಿನ ಅವರ ಆಸೆ ಪ್ರಾಮಾಣಿಕವಾದದ್ದು. ಕೆಟ್ಟಿರುವುದು ನಾವು ಮನೆಯ ತೋಟವನ್ನು ಯೋಚಿಸುವ ಕ್ರಮ. ಪಾಯ ತೆಗೆಯುವ ಮೊದಲು, ನಕ್ಷೆಯ ಹಾಳೆಯ ಮೇಲೆ ಆಗಬೇಕಾದ ತೀರ್ಮಾನಗಳನ್ನು ಬಣ್ಣ ಬಳಿದಾದ ಮೇಲೆ ಕುಂಡದ ಅಂಗಡಿಯಲ್ಲಿ ನಿಂತು ತೆಗೆದುಕೊಳ್ಳುತ್ತಿದ್ದೇವೆ.

ಮೊದಲು ಭಾರದ ಮಾತು. ಜನ ಓಡಾಡುವ ಸಮತಟ್ಟು ತಾರಸಿಗೆ ನಮ್ಮ ಐಎಸ್ 875 ಮಾನಕ ಹೇಳುವ ಬಳಕೆಯ ಹೊರೆ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆ.ಜಿ. ನೀರು ಕುಡಿದ ತೋಟದ ಮಣ್ಣು ಘನ ಮೀಟರಿಗೆ 1,800 ಕೆ.ಜಿ. ಆಸುಪಾಸು ತೂಗುತ್ತದೆ. ಹಾಗಾಗಿ ಒಂದಡಿ ಎತ್ತರಕ್ಕೆ ಪಾತಿ ಕಟ್ಟಿ ಮಣ್ಣು ತುಂಬಿದರೆ ಚದರ ಮೀಟರಿಗೆ ಬೀಳುವ ಭಾರ 500 ಕೆ.ಜಿ. ದಾಟುತ್ತದೆ. ತಾರಸಿಗೆ ಲೆಕ್ಕ ಹಾಕಿದ್ದಕ್ಕಿಂತ ಮೂರು ಪಟ್ಟಿಗೂ ಹೆಚ್ಚು! ಅರ್ಧಕ್ಕೆ ಕತ್ತರಿಸಿದ ನೀಲಿ ಡ್ರಮ್ಮಿನಲ್ಲಿ ನುಗ್ಗೆಯನ್ನೋ ನಿಂಬೆಯನ್ನೋ ನೆಡುವವರು, ಆ ಡ್ರಮ್ಮು ಒದ್ದೆಯಾದಾಗ ಇಬ್ಬರು ದೊಡ್ಡವರಷ್ಟು ತೂಗುತ್ತದೆ ಎಂಬುದನ್ನು ನೆನಪಿಡಬೇಕು. ಮನುಷ್ಯರು ಕೆಳಗಿಳಿದು ಹೋಗುತ್ತಾರೆ, ಡ್ರಮ್ಮು ವರ್ಷಗಟ್ಟಲೆ ಅಲ್ಲೇ ನಿಂತಿರುತ್ತದೆ. ಅದಕ್ಕೇ ಭಾರದ ಕುಂಡಗಳೆಲ್ಲ ತೊಲೆ, ಕಂಬಗಳ ನೆತ್ತಿಯ ಮೇಲೆ, ಗೋಡೆಯ ಸಾಲಿನ ಮೇಲೆ ಬರಬೇಕು. ನಡು ತಾರಸಿ ಗ್ರೋ ಬ್ಯಾಗು, ಕೊಕೊಪೀಟ್, ಎರೆಗೊಬ್ಬರದಂಥ ಹಗುರ ಮಿಶ್ರಣಕ್ಕೆ ಮೀಸಲಾಗಬೇಕು. ತೊಲೆ ಎಲ್ಲಿ ಹಾದುಹೋಗಿದೆ ಎನ್ನುವುದು ಮನೆ ಕಟ್ಟಿಸಿದವರಿಗೇ ಮರೆತಿರುತ್ತದೆ. ನಕ್ಷೆ ಬೀರುವಿನಲ್ಲಿ ಭದ್ರವಾಗಿರುತ್ತದೆ.

ಮಣ್ಣನ್ನು ಮಾಡಿಗೆ ಹೊರಿಸುವ ವಿದ್ಯೆ ಈ ನಾಡಿಗೆ ಹೊಸದಲ್ಲ. ಬಯಲುಸೀಮೆಯ ಮಾಳಿಗೆ ಮನೆ ಅದರ ಮೇಲೇ ನಿಂತಿತ್ತು. ದಪ್ಪ ತೊಲೆ, ಒತ್ತೊತ್ತಾಗಿ ಜಂತಿ, ಅದರ ಮೇಲೆ ಚೌಳು ಮಣ್ಣಿನ ಹೊದಿಕೆ. ಬೇಸಿಗೆಯ ಬಿಸಿಲು ಒಳಗಿಳಿಯದಂತೆ ಅದು ತಡೆಯುತ್ತಿತ್ತು. ಮಳೆಗಾಲಕ್ಕೆ ಮುಂಚೆ ಅದನ್ನು ಸರಿಪಡಿಸುವುದು ಮನೆಯ ವಾಡಿಕೆಯ ಕೆಲಸವಾಗಿತ್ತು. ಮಣ್ಣು ಮೇಲೆ ಬರುತ್ತದೆಂದು ಗೊತ್ತಿದ್ದೇ ಬಡಗಿ ತೊಲೆಯ ದಪ್ಪ ನಿರ್ಧರಿಸುತ್ತಿದ್ದ. ನಮ್ಮ ಆರ್‌ಸಿಸಿ ಮನೆಗಳಲ್ಲಿ ಕಳಚಿ ಹೋಗಿರುವುದು ಈ ಕೊಂಡಿಯೇ.

ಭಾರಕ್ಕಿಂತ ಬೇಗ ತೊಂದರೆ ಕೊಡುವುದು ನೀರು. ತಾರಸಿ ತೋಟ ಮಾಡಿ ಕೈಬಿಟ್ಟವರನ್ನು ಕೇಳಿ, ಹೆಚ್ಚಿನವರು ಹೇಳುವುದು ಸೋರಿಕೆಯ ಕತೆ. ಅದು ಶುರುವಾಗುವುದು ನೀರು ಹೊರಹೋಗುವ ಪೈಪಿನ ಬಾಯಲ್ಲಿ. ಒಣಗಿದ ಎಲೆ, ಕುಂಡದಿಂದ ತೊಳೆದು ಬಂದ ಕೊಕೊಪೀಟಿನ ನಾರು, ಹರಿದ ಗ್ರೋ ಬ್ಯಾಗಿನ ಎಳೆ, ಎಲ್ಲ ಸೇರಿ ಜಾಲರಿಯ ಮೇಲೆ ಕಂಬಳಿಯಂತೆ ಕೂರುತ್ತವೆ. ಒಂದು ಜೋರು ಮಳೆಗೆ ಎರಡಿಂಚು ನೀರು ನಿಲ್ಲುತ್ತದೆ. ನೇರ ನೆಲದ ಮೇಲೆ ಕೂತ ಕುಂಡದ ಕೆಳಗಂತೂ ತೇವ ಆರುವುದೇ ಇಲ್ಲ, ಕುಂಡ ಎತ್ತಿದರೆ ಹಸಿರು ಪಾಚಿಯ ಉಂಗುರ, ಅದರೊಳಗೆ ಕೂದಲೆಳೆಯ ಬಿರುಕು. ಕೆಳಗೆ ಅಡುಗೆಮನೆಯ ಚಾವಣಿಯಲ್ಲಿ ಹಳದಿ ಕಲೆ ಮೂಡುವಾಗ ಒಳಗಿನ ಕಬ್ಬಿಣ ತುಕ್ಕು ಹಿಡಿಯುತ್ತಿರುತ್ತದೆ. ಇದಕ್ಕೆ ಬೇಕಾದದ್ದು ದೊಡ್ಡ ತಂತ್ರಜ್ಞಾನವೇನೂ ಅಲ್ಲ: ಗಾರೆ ಹಾಕುವಾಗಲೇ ಪೈಪಿನ ಕಡೆಗೆ ಸರಿಯಾದ ಇಳಿಜಾರು, ಜಲನಿರೋಧಕ ಪದರ, ಅದನ್ನು ಬೇರಿನಿಂದ ಕಾಯುವ ಹಾಳೆ, ಮತ್ತು ಕುಂಡಗಳನ್ನು ನೆಲದಿಂದ ನಾಲ್ಕಿಂಚು ಎತ್ತುವ ಸ್ಟ್ಯಾಂಡು. ಕುಂಡದ ತಟ್ಟೆಗಳನ್ನು ಎಸೆದುಬಿಡುವುದೇ ಒಳ್ಳೆಯದು. ಅವುಗಳಲ್ಲಿ ಒಂದು ವಾರ ನಿಂತ ನೀರು ಈಡಿಸ್ ಸೊಳ್ಳೆಗೆ ಸಾಕು.

ಇನ್ನು ನೀರೆಲ್ಲಿಂದ ತರುವುದು? 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ, ಕಾರು ತೊಳೆಯಲು ಬಳಸಬಾರದೆಂದು ಆದೇಶ ಹೊರಡಿಸಿ, ತಪ್ಪಿದರೆ 5,000 ರೂಪಾಯಿ ದಂಡ ಎಂದಿತು. ಬಹಳ ತೋಟಗಳು ಆ ಬೇಸಿಗೆಯಲ್ಲಿ ಒಣಗಿದವು. ಆದರೆ ಅದೇ ತಾರಸಿಗಳ ಮೇಲೆ ಹಿಂದಿನ ಮಳೆಗಾಲದಲ್ಲಿ ಬಿದ್ದ ನೀರು ಚರಂಡಿಗೆ ಹೋಗಿತ್ತು. ಬೆಂಗಳೂರಿನ ವಾಡಿಕೆ ಮಳೆ ವರ್ಷಕ್ಕೆ ಸುಮಾರು 970 ಮಿ.ಮೀ. ಸಾವಿರ ಚದರಡಿಯ ತಾರಸಿಗೆ ಬೀಳುವುದು ಹತ್ತಿರಹತ್ತಿರ 90,000 ಲೀಟರ್. ಐವತ್ತು ಕುಂಡಗಳಿಗೆ ದಿನಕ್ಕೆ ಲೀಟರಿನಂತೆ ಕೊಟ್ಟರೂ ವರ್ಷಕ್ಕೆ ಬೇಕಾಗುವುದು 18,000 ಲೀಟರ್. ಡಿಸೆಂಬರಿನಿಂದ ಮಾರ್ಚ್‌ವರೆಗಿನ ಒಣ ತಿಂಗಳುಗಳನ್ನು ದಾಟಲು 6,000 ಲೀಟರಿನ ಒಂದು ತೊಟ್ಟಿ ಸಾಕು. ಮಳೆನೀರು ಸಂಗ್ರಹವನ್ನು 2009ರಲ್ಲೇ ಕಾನೂನಿನಿಂದ ಕಡ್ಡಾಯ ಮಾಡಿದ ನಗರ ಇದು. ಕಡ್ಡಾಯದ ಪೈಪನ್ನು ತೋರಿಕೆಗೆ ಇಳಿಸಿ ಬಿಡುವುದಕ್ಕೂ ಆ ನೀರನ್ನು ನಂಬಿ ತೋಟ ಮಾಡುವುದಕ್ಕೂ ಬಹಳ ಅಂತರವಿದೆ. ಆರ್‌ಒ ಯಂತ್ರ ಹೊರಹಾಕುವ ನೀರನ್ನು ಗಿಡಕ್ಕೆ ಸುರಿಯುವವರು ಅದರಲ್ಲಿ ಮಳೆನೀರು ಬೆರೆಸಬೇಕು. ಇಲ್ಲದಿದ್ದರೆ ಕುಂಡದ ಅಂಚಿಗೆ ಬಿಳಿ ಉಪ್ಪು ಕಟ್ಟಿ, ಎಲೆಯ ತುದಿ ಸುಟ್ಟಂತಾಗುತ್ತದೆ.

ಈ ಊರಿನಲ್ಲಿ ತಾರಸಿಯನ್ನು ಗಂಭೀರವಾಗಿ ತೆಗೆದುಕೊಂಡ ಇಬ್ಬರ ಹೆಸರೂ ವಿಶ್ವನಾಥ್ ಎಂಬುದು ಕಾಕತಾಳೀಯ. ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ಸಾವಯವ ತಾರಸಿ ತೋಟವನ್ನು ಮನೆಮನೆಗೆ ಕಲಿಸಿದರು. ಜಲತಜ್ಞ ಎಸ್. ವಿಶ್ವನಾಥ್ ವಿದ್ಯಾರಣ್ಯಪುರದ ತಮ್ಮ ಮನೆಯ ತಾರಸಿಯಲ್ಲಿ, ಮನೆಯಲ್ಲಿ ಬಳಸಿದ ನೀರಿನಿಂದಲೇ ಭತ್ತ ಬೆಳೆದು ತೋರಿಸಿದರು. ಇಬ್ಬರದೂ ಒಂದೇ ಪಾಠ: ಅಡುಗೆಮನೆಯ ಸಿಪ್ಪೆ, ಬಚ್ಚಲಿನ ನೀರು, ತಾರಸಿಯ ಮಳೆ, ಮೂರೂ ಮನೆಯ ಗೇಟು ದಾಟದೆ ತೋಟಕ್ಕೆ ಸೇರಬೇಕು. ಈಗಿನ ಲ್ಯಾಂಡ್‌ಸ್ಕೇಪ್ ಗುತ್ತಿಗೆದಾರರ ಪಟ್ಟಿಯಲ್ಲಿ ಮೆಕ್ಸಿಕನ್ ಹುಲ್ಲು, ಅರೆಕಾ ಪಾಮ್, ಬಿಳಿ ಬೆಣಚುಕಲ್ಲು, ಕೃತಕ ಜಲಪಾತ ಎಲ್ಲ ಇವೆ. ಗೊಬ್ಬರದ ಗುಂಡಿಯೂ ಇಲ್ಲ, ನೀರಿನ ತೊಟ್ಟಿಯೂ ಇಲ್ಲ. ಬೇಸಿಗೆಯಲ್ಲಿ ಹುಲ್ಲುಹಾಸು ಚದರ ಮೀಟರಿಗೆ ದಿನಕ್ಕೆ ನಾಲ್ಕೈದು ಲೀಟರ್ ಕೇಳುತ್ತದೆ. ಟ್ಯಾಂಕರಿಗೆ ಕಾಯುವ ಬಡಾವಣೆಯಲ್ಲಿ ಹುಲ್ಲುಹಾಸು ಹಾಕಿಸುವುದು ತಪ್ಪು ಎಂದು ನೇರವಾಗಿಯೇ ಹೇಳಬೇಕು.

ನನ್ನ ಮಟ್ಟಿಗೆ ಸಣ್ಣ ನಿವೇಶನಕ್ಕೆ ಅತ್ಯಂತ ಹೊಂದುವ ವಿನ್ಯಾಸ ಬೇರು ನೆಲದಲ್ಲಿ, ಎಲೆ ತಾರಸಿಯಲ್ಲಿ ಇರುವಂಥದ್ದು. ಕಾಂಪೌಂಡಿನ ಮೂಲೆಯಲ್ಲಿ ಎರಡಡಿ ಚೌಕದ ಮಣ್ಣು ತೆರೆದಿಟ್ಟರೆ ಸಾಕು. ತೊಂಡೆ, ಬಸಳೆ, ಚಪ್ಪರದವರೆ, ಹೀರೆ, ಮಲ್ಲಿಗೆ ಬಳ್ಳಿಗಳು ತಂತಿ ಹಿಡಿದು ಮೇಲೇರುತ್ತವೆ. ಪಶ್ಚಿಮದ ಗೋಡೆಯ ಮೇಲೆ ಹಬ್ಬಿಸಿದರೆ ಸಂಜೆಬಿಸಿಲು ಗೋಡೆಗೆ ತಾಗುವ ಮೊದಲು ಎಲೆಗೆ ತಾಗುತ್ತದೆ. ತಾರಸಿಯ ಮೇಲೆ ಕಬ್ಬಿಣದ ಹಗುರ ಚಪ್ಪರ ಮಾಡಿದರೆ ನೆರಳು, ತರಕಾರಿ, ಹೂವು ಎಲ್ಲವೂ ಸಿಗುತ್ತವೆ. ಚಾವಣಿಯ ಮೇಲೆ ಒಂದು ಬೊಗಸೆ ಒದ್ದೆ ಮಣ್ಣಿನ ಭಾರವೂ ಇಲ್ಲ. ನಾವು ಎರಡು ದಿನ ಊರಿಗೆ ಹೋಗಿ ಬಂದರೆ ಕುಂಡದ ಗಿಡ ಬಾಡುತ್ತದೆ, ನೆಲದಲ್ಲಿ ಬೇರಿಳಿಸಿದ ಬಳ್ಳಿ ಕಾಯುತ್ತದೆ. ಆ ಎರಡಡಿ ಮಣ್ಣಿನ ಪಕ್ಕದಲ್ಲೇ ಇಂಗುಗುಂಡಿ ತೆಗೆದರೆ ತೊಟ್ಟಿ ತುಂಬಿ ಉಕ್ಕಿದ ಮಳೆನೀರೂ ನೆಲಕ್ಕೆ ಸೇರುತ್ತದೆ. ಕರಾವಳಿಯವರು ಹಿತ್ತಲ ಬಸಳೆ ಚಪ್ಪರ ನೋಡುತ್ತಲೇ ಬೆಳೆದವರು, ಅವರಿಗೆ ಇದನ್ನು ವಿವರಿಸುವ ಅಗತ್ಯವಿಲ್ಲ.

ಎಲ್ಲ ಊರಿಗೂ ಒಂದೇ ಮಾದರಿ ಒಗ್ಗದು. ಮಂಗಳೂರಿನ ಮಳೆಗೆ ಕುಂಡದಲ್ಲಿ ನೀರು ನಿಲ್ಲದಂತೆ ನೋಡುವುದೇ ಮುಖ್ಯ ಕೆಲಸ, ಕಲಬುರಗಿಯಲ್ಲಿ 40 ಡಿಗ್ರಿ ದಾಟಿದ ಬಿಸಿಲಿಗೆ ನೆರಳುಬಲೆ ಇಲ್ಲದೆ ಟೊಮೆಟೊ ಕಾಯಿ ಕಟ್ಟುವುದಿಲ್ಲ.

ಮಾದರಿ ಬೇರೆಯಾದರೂ ತೋಟವನ್ನು ನಕ್ಷೆಯಲ್ಲೇ ಸೇರಿಸುವ ನಿಯಮ ಸಾಧ್ಯ. ಟೋಕಿಯೊ 2001ರಲ್ಲಿ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಮಾಡಿನ ಒಂದು ಪಾಲು ಹಸಿರಾಗಿರಬೇಕೆಂದು ನಿಯಮ ತಂದಿತು. ಸ್ವಿಟ್ಜರ್‌ಲೆಂಡಿನ ಬಾಸೆಲ್ 2002ರಲ್ಲಿ ಹೊಸ ಸಮತಟ್ಟು ಮಾಡುಗಳಿಗೆಲ್ಲ ಅದನ್ನೇ ಅನ್ವಯಿಸಿತು. ಅಲ್ಲಿ ಹಸಿರು ಮಾಡು ಎಂಜಿನಿಯರನ ಲೆಕ್ಕದಲ್ಲೇ ಇರುತ್ತದೆ. ಅಷ್ಟು ದೊಡ್ಡ ನಿಯಮವನ್ನು ನಮ್ಮ ನಗರಸಭೆಗಳು ಇಂದೇ ತರಲಿ ಎಂದು ನಾನು ಕೇಳುವುದಿಲ್ಲ. ನಕ್ಷೆ ಮಂಜೂರಾತಿಯ ಅರ್ಜಿಗೆ ಮೂರು ಗೆರೆ ಸೇರಿಸಲಿ. ಸೆಟ್‌ಬ್ಯಾಕಿನಲ್ಲಿ ಎಷ್ಟು ಚದರಡಿ ಮಣ್ಣು ತೆರೆದೇ ಉಳಿಯುತ್ತದೆ ಎಂದು ನಮೂದಾಗಲಿ, ಸ್ವಾಧೀನಾನುಭವ ಪತ್ರ ಕೊಡುವ ಮುನ್ನ ಅಧಿಕಾರಿ ಅದನ್ನು ನೋಡಿ ಸಹಿ ಹಾಕಲಿ. ತಾರಸಿ ಎಷ್ಟು ಭಾರ ತಾಳುತ್ತದೆ, ತೊಲೆಗಳು ಎಲ್ಲಿವೆ ಎಂಬುದನ್ನು ಮೆಟ್ಟಿಲ ಬಾಗಿಲ ಬಳಿ ಫಲಕದಲ್ಲಿ ಬರೆಸಲಿ. ಬಾಡಿಗೆಗೆ ಬಂದವರೂ ಅದನ್ನು ಓದಿ ಕುಂಡ ಇಡಬಹುದು. ಮಳೆನೀರಿನ ತೊಟ್ಟಿಯಿಂದ ತಾರಸಿಗೆ ಒಂದು ಪ್ರತ್ಯೇಕ ನಲ್ಲಿ ಇರಲಿ. ಮನೆ ಕಟ್ಟುವಾಗಲೇ ಇವನ್ನು ಮಾಡಿಸಿದರೆ ಒಟ್ಟು ವೆಚ್ಚದಲ್ಲಿ ಇವುಗಳ ಖರ್ಚು ಲೆಕ್ಕಕ್ಕೇ ಬಾರದು. ಈಗಾಗಲೇ ಟೈಲ್ಸ್ ಹಾಸಿದ ಮನೆಗಳಲ್ಲಿ ಕಾರಿನ ಚಕ್ರ ಹಾಯದ ಎರಡು ಸಾಲನ್ನು ಕಿತ್ತು ಮಣ್ಣು ಬಿಡಿಸಲು ಒಬ್ಬ ಮೇಸ್ತ್ರಿಗೆ ಅರ್ಧ ದಿನದ ಕೆಲಸ.